ಎಡಗಾಲಿನ ಕೆಲಸ

ಎಲ್ಮ್ ಮರವೊಂದು ಅದರ ಬೆನ್ನು ಸೀಳಿ ಬೆಳೆದಿತ್ತು.
ಲುಹಾನನ ಹೊಲದ ಮೂಲೆ, ಒಣಗಿದ ಕಾಲುವೆಯಾಚೆ,
ಚಕ್ರಗಳು ಮಣ್ಣಲ್ಲಿ ಹೂತ ಐವತ್ತೆರಡರ ಷೆವರ್ಲೆ ಪಿಕಪ್,
ಸೀಟಿನ ಸ್ಪ್ರಿಂಗಿನೊಳಗೆ ಇಲಿ ಸಂಸಾರ.
"ಮರ ಕಡಿದವನಿಗೆ ಗಾಡಿ" ಅಂದ ಮುದುಕ ಲುಹಾನ್,
ಅಂದು ನಕ್ಕ,
ಒಂಟಿಕಾಲಿನವನ ಕೈಯಲ್ಲಿ ಕೊಡಲಿ ನೆನೆದು.

ಡೆಲ್ಫೀನೊ ಕಡಿದ. ಮೂರು ದಿನ.
ನಾನು ಹಗ್ಗ ಹಿಡಿದಿದ್ದೆ.
ಕಾಂಡವನ್ನೂ ಬಿಡಲಿಲ್ಲ, ಹೇರಿಕೊಂಡೇ ಬಂದ.
"ಇಷ್ಟು ವರ್ಷ ಇದನ್ನು ಹಿಡಿದಿಟ್ಟವರು ಯಾರು ಮತ್ತೆ?"

ಆಡಿನ ಕೊಟ್ಟಿಗೆ ಶೆಡ್ಡಾದದ್ದು ಆ ಚಳಿಗಾಲ.
ಹಿಮ ಕರಗಿ ಸೋರಿದಾಗ ಈಗಲೂ
ಆಡಿನ ವಾಸನೆ ಎದ್ದು ಬರುತ್ತದೆ
ಗ್ರೀಸಿನ ಜೊತೆ ಜಗಳಕ್ಕೆ.
ಬೋಲ್ಟುಗಳು ಜಪ್ಪಯ್ಯ ಅನ್ನವು;
ಎಣ್ಣೆ ಕುಡಿಸಿ, ಬೆಂಕಿ ತೋರಿಸಿ, ಬೈದು, ರಮಿಸಿ,
ಮರುದಿನ ಮತ್ತೆ.
ಬಿಚ್ಚಿದ್ದನ್ನೆಲ್ಲ ಕಾಫಿ ಡಬ್ಬಿಗೆ ಹಾಕಿ
ಚೀಟಿ ಅಂಟಿಸುವುದು ನನ್ನ ಪಾಲು:
'ಬಲ ಬಾಗಿಲು', 'ಎಡ ಬಾಗಿಲು', 'ಎಲ್ಲಿಯದೋ'.
ಮೊದಲು ತುಂಬಿದ್ದು ಮೂರನೆಯದೇ.

ಜೊತೆಗೆ, ದೀಪ ಹಿಡಿಯುವುದು.
ಮದುವೆಯಾಗಿ ಮೂವತ್ತೊಂದು ವರ್ಷ,
ಗೊತ್ತೇ ಇರಲಿಲ್ಲ ಅದೂ ಒಂದು ವಿದ್ಯೆಯೆಂದು.
ಅವನು ನೋಡುತ್ತಿರುವ ಕಡೆಗಲ್ಲ,
ಇನ್ನೇನು ನೋಡಲಿರುವ ಕಡೆಗೆ ಹಿಡಿಯಬೇಕು.
"ಇಲ್ಲಿ, ಒಫೇಲಿಯಾ, ಇಲ್ಲಿ"
ಗಾಡಿಯಡಿಯಿಂದ ಬರುವ ದನಿ ಗಣಿಯೊಳಗಿಂದ ಬಂದ ಹಾಗೆ.
ಬಂಡೆ ಬಿದ್ದಾಗಲೂ ಹೀಗೇ ಅಂಗಾತ ಮಲಗಿದ್ದನಂತೆ.
ಎರಡು ಸ್ಟ್ಯಾಂಡು ಸಾಕು ಅಂದ; ನಾನು ನಾಲ್ಕು ಇಡಿಸಿದೆ,
ಅದರ ಪಕ್ಕ ಎಲ್ಮ್ ಕಾಂಡದ ತುಂಡೆರಡು,
ಆಮೇಲೇ ದೀಪ ಹಚ್ಚಿದ್ದು.

ಆಬೆಲಾರ್ದೊ ಭಾನುವಾರ ಚರ್ಚಿನಿಂದ ನೇರ ಬರುವನು,
ಬಿಳಿ ಅಂಗಿ, ಕೈ ಬೆನ್ನ ಹಿಂದೆ, ಏನನ್ನೂ ಮುಟ್ಟದೆ.
"ಬ್ರೇಕು ಹೊಸದು. ಎಂಜಿನ್ನು ಯಾವುದೋ ಗುದ್ದಿಸಿಕೊಂಡ ಕಾರಿನದು.
ಈಗ ಕ್ಲಚ್ಚನ್ನೂ ಕಾಲಿಂದ ಕೈಗೆ ತರ್ತೀಯಾ?
ಮೂಲದ್ದು ಏನುಳೀತು ಹೇಳು.
ಇದ್ದ ಹಾಗೇ ಇದ್ದಿದ್ದರೆ ಬಂಗಾರದ ಬೆಲೆ."
ಡೆಲ್ಫೀನೊ ಮಾತಾಡಲಿಲ್ಲ.
ಸ್ಟೂಲಿನ ಮೇಲೆ ಕೂತು, ಪ್ಯಾಂಟು ಮಡಚಿ, ಪಟ್ಟಿ ಬಿಚ್ಚಿ
ಎಡಗಾಲು ತೆಗೆದು ಅವನ ಕೈಗಿಟ್ಟ:
"ಇದೂ ಮೂಲದ್ದಲ್ಲ. ಸ್ವಲ್ಪ ಹಿಡ್ಕೊ, ತುರಿಸ್ತಿದೆ."
ಬಿಳಿ ಅಂಗಿಗೆ ಗ್ರೀಸಾಯಿತು.
ಮುಂದಿನ ವಾರ ಹಳೆಯದು ತೊಟ್ಟು ಬಂದ.

ಕ್ಲಚ್ಚಿನ ಹಿಡಿ ನಾಲ್ಕು ಸಲ ಮಾಡಿ ನಾಲ್ಕು ಸಲ ಮುರಿದ.
ಐದನೆಯದು ಹೊಳೆದದ್ದು
ನನ್ನ ಹೊಲಿಗೆ ಯಂತ್ರದ ತುಳಿಪಟ್ಟಿ ನೋಡಿ.
ಕಾಲು ತುಳಿದು ಚಕ್ರ ತಿರುಗುವುದಾದರೆ
ತಲೆಕೆಳಗಾಗಿಸಿದರೆ ಕೈಯೇಕೆ ತುಳಿಯಬಾರದು?
ಯೋಚನೆ ಸರಿ.
ಕೇಳದೆ ಬಿಚ್ಚಿದ್ದು ತಪ್ಪು.
ಒಂದು ವಾರ ಮಾತು ಬಿಟ್ಟೆ,
ಸೀಟಿನ ಚರ್ಮವನ್ನು ದಬ್ಬಳದಲ್ಲಿ ಕೈಯಾರೆ ಹೊಲಿದೆ,
ಅವನು ಕೂರುವ ಕಡೆ ಹೊಲಿಗೆ ಬೇಕೆಂದೇ ದಪ್ಪ.

ಮೂರನೇ ಚಳಿಗಾಲಕ್ಕೆ ಎಲ್ಮ್ ಹಲಗೆ ಒಣಗಿತ್ತು.
ಬೆನ್ನು ಸೀಳಿದ ಮರವನ್ನೇ ಬೆನ್ನಿಗೆ ಹಾಸಿದ,
ಗಂಟುಗಳನ್ನು ಹೆರೆಯದೆ.
ಬಣ್ಣದ ಹೊತ್ತಿಗೆ ದುಡ್ಡು ಮುಗಿಯಿತು:
ಮೈಯೆಲ್ಲ ಪಚ್ಚೆ, ನನ್ನ ಕಡೆಯ ಬಾಗಿಲು ಇನ್ನೂ ಬೂದಿ.

ಏಪ್ರಿಲ್. ಬೆಟ್ಟದ ನೆತ್ತಿಯಲ್ಲಿ ಹಿಮ.
ಟಾವೋಸ್ ರಸ್ತೆಯ ಇಳಿಜಾರಿನಲ್ಲಿ ಹಾಡಿದ ಹಾಗೆ ಹೋಯಿತು,
ಮೊದಲ ಸ್ಟಾಪ್ ಬೋರ್ಡಿಗೆ ಗಕ್ಕನೆ ಸತ್ತಿತು.
ಹಿಂದೆ ಸಾಲು ಕಾರು, ಹಾರ್ನು.
ಡೆಲ್ಫೀನೊ ಕೈ ಒತ್ತಿದ, ಬಿಟ್ಟ, ಒತ್ತಿದ.
ಇಲ್ಲದ ಪಾದ ನೆಲ ಹುಡುಕುವುದನ್ನು
ತೊಡೆ ಅದುರಿದ್ದರಲ್ಲಿ ಕಂಡೆ.
ನಾನು ಇಳಿದು ತಳ್ಳಿದೆ.
ಹೊರಟ ಗಾಡಿ ನಿಲ್ಲಲಿಲ್ಲ ಪುಣ್ಯಾತ್ಮನದು;
ಓಡಿ ಹತ್ತಿದೆ, ಐವತ್ತೆಂಟರ ಮಂಡಿಯಲ್ಲಿ.

ಈಗ ಸೌದೆ ತರುತ್ತದೆ, ಆಬೆಲಾರ್ದೊನ ಆಡು ತರುತ್ತದೆ.
ಬೆಳಗ್ಗೆ ಅಡಿಗೆ ಹಾಸಿದ ರಟ್ಟು ಎಳೆದು ನೋಡುತ್ತೇನೆ:
ಎಣ್ಣೆಯ ಒಂದೇ ಬೊಟ್ಟು,
ನಿನ್ನೆಗಿಂತ ಬೆರಳಷ್ಟು ಎಡಕ್ಕೆ.
ಅವನು 'ಎಲ್ಲಿಯದೋ' ಡಬ್ಬಿಯನ್ನು ಕಿವಿಯ ಹತ್ತಿರ ತಂದು
ಅಲುಗಾಡಿಸಿ ಕೇಳುತ್ತಾನೆ,
ತಿರುಗಿ ಅಟ್ಟದ ಮೇಲಿಡುತ್ತಾನೆ.